ಗಂಟೆಯ ನಾಲಿಗೆ

ಹಗ್ಗ ಎಳೆದರೂ ಗಂಟೆ ಸದ್ದು ಮಾಡಲಿಲ್ಲ.

ಕ್ಯಾಪ್ಟನ್ ಡೇಷಾನ್ ಪೆಟಿಗ್ರೂ ಮತ್ತೊಮ್ಮೆ ಎಳೆದ. ಗೋಪುರದ ತುದಿಯಲ್ಲಿ ಕಂಚಿನ ಗಂಟೆ ಅತ್ತಿತ್ತ ತೂಗಿದ್ದು ಕೆಳಗೆ ನಿಂತವರಿಗೆಲ್ಲ ಕಂಡಿತು. ತೊಲೆ ಕಿರುಗುಟ್ಟಿತು. ರೇಡಿಯೋ ಆಂಟೆನಾದ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಹಾರಿದವು. ಸದ್ದು ಮಾತ್ರ ಇಲ್ಲ.

"ಜೋರಾಗಿ ಎಳಿಯೋ, ಊಟ ಮಾಡಿಲ್ವಾ?" ಹಿಂದಿನಿಂದ ಯಾರೋ ಕೂಗಿದರು.

"ಎಳೀತಾನೇ ಇದೀನಿ. ನೀನೇ ಬಂದು ಎಳಿ."

ಅವನೂ ಬಂದು ಎಳೆದ. ಅವನ ಹಿಂದೆ ಇನ್ನೊಬ್ಬ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ ಹುಡುಗರ ಮುಖದಲ್ಲಿದ್ದ ನಗು ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು.

ಎರಡು ಆಟದ ಋತುಗಳಲ್ಲಿ, ಎಂದರೆ ಎರಡು ವರ್ಷದಲ್ಲಿ, ಒಂದೇ ಒಂದು ಪಂದ್ಯವನ್ನೂ ಗೆಲ್ಲದ ಟ್ರಸ್ಕಾಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಆ ಶನಿವಾರ ಗೆದ್ದಿತ್ತು. ಗೆದ್ದ ದಿನ ಗೋಪುರದ ಗಂಟೆ ಬಾರಿಸುವುದು ನಮ್ಮ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಆದರೆ ಈ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಅದರ ಸದ್ದನ್ನು ಒಮ್ಮೆಯೂ ಕೇಳಿದವರಲ್ಲ.

ಪಂದ್ಯ ಮುಗಿದಾಗ ನಾನು ಮೇಲೆ, ಪತ್ರಕರ್ತರ ಕೋಣೆಯಲ್ಲಿದ್ದೆ. ನಾನು ಅರ್ಲ್ ಫಿಂಚ್. ಮೋರ್ಲಿ ಊರಿನ ವಾರಪತ್ರಿಕೆಗೆ ಆಟದ ವರದಿ ಬರೆಯುವವನು. ಗಾಜಿನ ಆಚೆ ಪಕ್ಕದ ಕೋಣೆಯಲ್ಲಿ ವೆಂಡೆಲ್ ಒರ್ಲಿಕ್ ಕೂತಿದ್ದ. ಊರಿನ ರೇಡಿಯೋದಲ್ಲಿ ಟ್ರಸ್ಕಾಟ್ ಪಂದ್ಯಗಳ ವಿವರಣೆ ಕೊಡುವವನು ಅವನೇ. ಅವನ ದನಿ ಕೇಳದೆ ನಮ್ಮೂರಲ್ಲಿ ಶನಿವಾರ ಕಳೆಯುವುದಿಲ್ಲ. ಕೊನೆಯ ಒದೆತಕ್ಕೆ ಚೆಂಡು ಕಂಬಗಳ ನಡುವೆ ದಾಟಿದಾಗ ಅವನು, "ಗೆದ್ರು. ನಮ್ಮ ಹುಡುಗ್ರು ಗೆದ್ರು," ಎಂದ. ಕೇಳುಗರಿಗೆ ವಂದನೆ ಹೇಳಿದ. ಕಾಲೇಜಿನ ಹಾಡು ಹಾಕಿ ಹೆಡ್‌ಫೋನ್ ತೆಗೆದಿಟ್ಟ. ಅವನ ಕಣ್ಣು ಒದ್ದೆಯಾಗಿತ್ತು. ನನ್ನವೂ ಒದ್ದೆಯಾಗಿದ್ದರಿಂದ ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ.

"ಕೆಳಗೆ ಬರ್ತೀಯಾ?" ಎಂದೆ.

"ನೀನು ನಡಿ. ವೈರು ಸುತ್ತಿಟ್ಟು ಬರ್ತೀನಿ."

ನಾನು ಮೆಟ್ಟಿಲಿಳಿದು ಗೋಪುರದ ಬಳಿ ಬರುವ ಹೊತ್ತಿಗೆ ಲೊರೇನ್ ಹ್ರುಷ್ಕಾ ಬೀಗದ ಕೈಗೊಂಚಲು ಹಿಡಿದು ಬಂದಿದ್ದಳು. ರಾಜ್ಯ ಪೊಲೀಸಿನಲ್ಲಿ ಪತ್ತೇದಾರಳಾಗಿದ್ದು ನಿವೃತ್ತಿಯಾದ ಮೇಲೆ ಕಾಲೇಜಿನ ಭದ್ರತೆ ನೋಡಿಕೊಳ್ಳುತ್ತಿದ್ದ ಲೊರೇನ್ ನನ್ನ ಜೊತೆ ಶಾಲೆಯಲ್ಲಿ ಓದಿದವಳು. ಮಂಡಿ ನೋವು, ಮಾತು ಕಡಿಮೆ.

"ಬೀಗ ಒಡೆದಿಲ್ಲ," ಎಂದಳು ಬಾಗಿಲು ತೆರೆಯುತ್ತ. "ಬಾ ಫಿಂಚ್. ನಾನು ಬಿದ್ರೆ ಮೇಲೆ ಬೀಳೋಕೆ ಮೆತ್ತಗೆ ಏನಾದ್ರೂ ಇರ್ಲಿ."

ಏಣಿ ಹತ್ತಿದೆವು. ಲೊರೇನ್ ಗಂಟೆಯ ಒಳಗೆ ಟಾರ್ಚ್ ಬಿಟ್ಟು ನೋಡಿದಳು.

"ನಾಲಿಗೆ ಇಲ್ಲ," ಎಂದಳು.

ನಿಜ. ಗಂಟೆಯ ನಡುವೆ ತೂಗಬೇಕಿದ್ದ, ಪೇರ್ ಹಣ್ಣಿನ ಆಕಾರದ ಆ ಕಬ್ಬಿಣದ ಗುಂಡು ಇರಲೇ ಇಲ್ಲ. ಅದನ್ನು ಸಿಕ್ಕಿಸುವ ಕೊಂಡಿ ಮಾತ್ರ ಉಳಿದಿತ್ತು. ಕೊಂಡಿಯ ತುಂಬ ಒಣಗಿದ ಮಣ್ಣು ಮೆತ್ತಿಕೊಂಡಿತ್ತು. ಮಣ್ಣಿನಲ್ಲಿ ಪೆನ್ಸಿಲ್ ತೂರುವಷ್ಟು ದುಂಡಗಿನ ತೂತುಗಳು.

"ಇದೇನು?" ಎಂದೆ.

"ಕಣಜದ ಗೂಡು. ನನ್ನ ಗ್ಯಾರೇಜಿನ ತುಂಬ ಇವೇ." ಅವಳು ಉಗುರಿನಿಂದ ಸ್ವಲ್ಪ ಕೆರೆದು, ತೂತುಗಳ ಮೇಲೆ ಬೆರಳಾಡಿಸಿದಳು. "ಕೆಳಗೆ ಯಾರಿಗೂ ಇದನ್ನ ಹೇಳ್ಬೇಡ."

ನಾವು ಇಳಿದು ಸುದ್ದಿ ಹೇಳಿದಾಗ ಮೊದಲು ಕೆಲವರು ನಕ್ಕರು. ಡೇಷಾನ್ ನಗಲಿಲ್ಲ. ಅವನು ಕೊನೆಯ ವರ್ಷದವನು. ಇನ್ನೊಂದು ಪಂದ್ಯ ಅವನ ಪಾಲಿಗೆ ಇರಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿ, ಬಿಚ್ಚದ ಹಾಗೆ ಗಂಟು ಹಾಕಿ, "ಕೋಚ್ ಎಲ್ಲಿ?" ಎಂದು ಕೇಳಿದ.

ಎಲ್ಲರೂ ತಿರುಗಿ ನೋಡಿದೆವು. ಕೋಚ್ ರೋಲಂಡ್ ಡೂಗನ್ ಮೈದಾನದ ಆ ಬದಿಯಲ್ಲಿ, ಖಾಲಿ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ತಂಡವೆಲ್ಲ ಗೋಪುರದ ಕಡೆ ಓಡಿದಾಗ ಅವನು ಕೂತಲ್ಲಿಂದ ಏಳಲೇ ಇಲ್ಲವಂತೆ.

*

"ಇದಕ್ಕೆ ಪತ್ತೇದಾರಿ ಬೇರೆ ಬೇಕಾ?" ಎಂದ ಪ್ರೆಸ್ಟನ್ ವೇಲ್.

ಕಾಲೇಜಿನ ಕ್ರೀಡಾ ವಿಭಾಗಕ್ಕೆ ನಿರ್ದೇಶಕನಾಗಿ ಇದೇ ಬೇಸಿಗೆಯಲ್ಲಿ ಬಂದವನು ವೇಲ್. ಕೆಸರಲ್ಲೂ ಮಿರುಗುವ ಬೂಟು. ಡೂಗನ್ನನ್ನು ತೆಗೆದು ಹೊಸ ಕೋಚ್ ತರುತ್ತೇವೆಂದು ಬುಧವಾರವಷ್ಟೇ ಅವನು ಪ್ರಕಟಿಸಿದ್ದ. ಶನಿವಾರದ್ದು ಡೂಗನ್ನನ ಕೊನೆಯ ಪಂದ್ಯ.

"ಹೇಳಿ," ಎಂದಳು ಲೊರೇನ್.

"ಗೋಪುರದ ಬೀಗದ ಕೈ ನಿಮ್ಮ ಹತ್ರ ಒಂದು, ನನ್ನ ಆಫೀಸಲ್ಲಿ ಒಂದು, ಕೋಚ್ ಹತ್ರ ಒಂದು. ನೀವು ತೆಗೆದಿಲ್ಲ. ನಾನು ತೆಗೆದಿಲ್ಲ. ಕೆಲಸ ಹೋದ ಸಿಟ್ಟು ಯಾರಿಗಿದೆ?"

"ಸಿಟ್ಟಿದ್ದೋನು ಪಂದ್ಯ ಗೆಲ್ಲಿಸ್ತಾನಾ?"

"ಗೆಲ್ತೀವಿ ಅಂತ ಅವನಿಗೇ ಗೊತ್ತಿರ್ಲಿಲ್ಲ. ಆದ್ರೆ ಗಂಟೆ ಸದ್ದು ಮಾಡಲ್ಲ ಅಂತ ಮಾತ್ರ ಗೊತ್ತಿತ್ತು. ಇಲ್ಲದಿದ್ರೆ ಅವನೊಬ್ಬ ಯಾಕೆ ಬೆಂಚಿನ ಮೇಲೆ ಕೂತ? ಎರಡು ವರ್ಷ ಆದ್ಮೇಲೆ ಗೆದ್ದ ಕೋಚ್, ಗಂಟೆ ಹತ್ರಾನೂ ಬರಲ್ಲ ಅಂದ್ರೆ?"

ಆ ಮಾತಿನಲ್ಲಿ ಹುರುಳಿತ್ತು.

"ಈರಿ ಪಟ್ಟಣದ ಕಡೆ ಯಾವುದೋ ಹೈಸ್ಕೂಲು ಅವನನ್ನ ತಗೋಬೇಕಂತಿದೆ," ಎಂದ ವೇಲ್. "ಅವನು ಹೇಗೆ ಅಂತ ಕೇಳೋಕೆ ಸೋಮವಾರ ಬೆಳಿಗ್ಗೆ ನನಗೆ ಫೋನ್ ಮಾಡ್ತಾರೆ. ಕಾಲೇಜಿನ ಸ್ವತ್ತು ಎತ್ಕೊಂಡು ಹೋದ ಅಂತ ನಾನು ಹೇಳ್ಬೇಕಾ, ಬೇಡ್ವಾ? ಅಷ್ಟರೊಳಗೆ ನಾಲಿಗೆ ವಾಪಸ್ ಬಂದ್ರೆ ನಾನೂ ಬಾಯಿ ಮುಚ್ಕೋತೀನಿ."

"ಅಷ್ಟರೊಳಗೆ ನೋಡೋಣ," ಎಂದಳು ಲೊರೇನ್.

ವೇಲ್‌ನ ಆಫೀಸಿನಿಂದ ಹೊರಗೆ ಬಂದು ಅವಳು ಮೊದಲು ಮಾಡಿದ್ದು ಹ್ಯಾನ್‌ಬಿ ಕಾಲೇಜಿನ ಭದ್ರತಾ ಅಧಿಕಾರಿಗೆ ಫೋನ್. ನಮ್ಮ ಹಳೇ ಎದುರಾಳಿಗಳು ಅವರು. ಹಿಂದೊಮ್ಮೆ ನಮ್ಮ ಕಾಲೇಜಿನ ಅಂಗಳದ ಕಬ್ಬಿಣದ ಆಡಿನ ಪ್ರತಿಮೆಯನ್ನು ಹೊತ್ತೊಯ್ದವರು ಅವರೇ.

"ನಮ್ಮ ಹುಡುಗ್ರಾ?" ಫೋನಿನ ಆ ಕಡೆಯ ನಗು ನನಗೂ ಕೇಳಿಸಿತು. "ಅವ್ರ ಹೊಟ್ಟೇಲಿ ಒಂದು ಮಾತು ನಿಲ್ಲುತ್ತೇನಮ್ಮಾ? ನಿಮ್ಮ ಆಡು ಕದ್ದಾಗ ಮನೆ ಸೇರೋ ಮೊದಲೇ ಫೋಟೋ ಹಾಕಿದ್ರು. ಇದನ್ನ ಮಾಡಿದ್ರೆ ಈ ಹೊತ್ತಿಗೆ ಇಲ್ಲಿ ಮೆರವಣಿಗೆ ಆಗಿರ್ತಿತ್ತು."

"ಅದೂ ಸರಿ," ಎಂದು ಲೊರೇನ್ ಫೋನಿಟ್ಟಳು.

*

ಭಾನುವಾರ ಬೆಳಿಗ್ಗೆ ಡೂಗನ್ ತನ್ನ ಆಫೀಸು ಖಾಲಿ ಮಾಡುತ್ತಿದ್ದ. ಗೋಡೆಯಿಂದ ಚಿತ್ರಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದ. ಚಿತ್ರಗಳಿದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿಯೇ ಉಳಿದಿತ್ತು.

ಅವನು ಆಟಗಾರನಾಗಿದ್ದಾಗಿನಿಂದಲೂ ನಾನು ಅವನನ್ನು ಬಲ್ಲೆ. ಉಕ್ಕಿನ ಕಾರ್ಖಾನೆ ಇನ್ನೂ ನಡೆಯುತ್ತಿದ್ದ ಕಾಲ ಅದು. ಪಾಳಿ ಮುಗಿಸಿದವರು ಊಟದ ಡಬ್ಬಿ ಹಿಡಿದುಕೊಂಡೇ ಮೈದಾನಕ್ಕೆ ಬರುತ್ತಿದ್ದರು. ಈಗ ಬರುವವರು ಕಡಿಮೆ. ಬಂದವರು ತಮ್ಮ ತಮ್ಮ ಹಳೆಯ ಜಾಗದಲ್ಲೇ ಕೂರುತ್ತಾರೆ, ನಡುವೆ ಇಲ್ಲದವರ ಜಾಗ ಬಿಟ್ಟು. ದೂರದಿಂದ ನೋಡಿದರೆ ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತದೆ. ಆದರೂ ಪ್ರತಿ ಶರತ್ಕಾಲದಲ್ಲಿ ಕತ್ತರಿಸಿದ ಹುಲ್ಲಿನ ವಾಸನೆ ಬಂದ ಕೂಡಲೇ ನಮ್ಮೆಲ್ಲರಿಗೂ ಅನ್ನಿಸುವುದು ಒಂದೇ: ಈ ಸಲ ಆದೀತು.

"ನಾಲಿಗೆ ಎಲ್ಲಿ, ರೋಲಂಡ್?" ನೇರವಾಗಿ ಕೇಳಿದಳು ಲೊರೇನ್.

"ನನ್ನ ಹತ್ರ ಇಲ್ಲ."

"ಯಾರ ಹತ್ರ ಇದೆ?"

ಅವನು ಪೆಟ್ಟಿಗೆಗೆ ಟೇಪು ಅಂಟಿಸತೊಡಗಿದ.

"ನಿನ್ನೆ ಬೆಂಚು ಬಿಟ್ಟು ಯಾಕೆ ಏಳಲಿಲ್ಲ?"

"ಕಾಲು ನೋವು."

"ನನಗೆ ಮಂಡಿ ನೋವು. ಆದ್ರೂ ಏಣಿ ಹತ್ತಿದೆ."

ಅವನು ಸಣ್ಣಗೆ ನಕ್ಕ. "ನೀನು ಯಾವಾಗ್ಲೂ ಗಟ್ಟಿಗಿತ್ತಿ ಬಿಡು."

"ಗಂಟೆ ಸದ್ದು ಮಾಡಲ್ಲ ಅಂತ ನಿನಗೆ ಗೊತ್ತಿತ್ತು."

ಅವನು ಇನ್ನೊಂದು ಪೆಟ್ಟಿಗೆ ಎಳೆದುಕೊಂಡ.

"ವೇಲ್ ನಿನ್ನ ಹೆಸರು ಕೆಡಿಸ್ತಾನೆ. ಈರಿ ಕೆಲಸಾನೂ ಹೋಗುತ್ತೆ. ಅದಾದ್ರೂ ಗೊತ್ತಾ?"

"ಗೊತ್ತು."

"ಆದ್ರೂ ಹೇಳಲ್ಲ?"

"ಹೇಳೋದೇನಿದೆ? ಕೋಚ್ ಮೇಲೆ ಒಂದು ಆಪಾದನೆ ಜಾಸ್ತಿ ಬಂದ್ರೆ ಏನಂತೆ. ಸೋತ ಪಂದ್ಯಗಳೆಲ್ಲ ನನ್ನ ಹೆಸರಲ್ಲೇ ಇವೆ, ಇದೂ ಇರ್ಲಿ."

ಅವನ ಕೈಯಲ್ಲಿದ್ದ ಚಿತ್ರವನ್ನು ನಾನು ನೋಡಿದೆ. ಹಿಂದಿನ ಸಲ ಗೆದ್ದ ದಿನದ್ದು, ಎರಡು ಋತುಗಳ ಹಿಂದಿನದು. ಗೋಪುರದ ಕೆಳಗೆ ಒಬ್ಬ ಭಾರೀ ಹುಡುಗ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಅದರ ಸೆಳೆತಕ್ಕೆ ನೆಲದಿಂದ ಮೇಲೆದ್ದುಬಿಟ್ಟಿದ್ದಾನೆ. ಬಾಯಿ ತುಂಬ ನಗು. ಟಾಬಿ ಒರ್ಲಿಕ್. ರೇಡಿಯೋದ ವೆಂಡೆಲ್‌ನ ಒಬ್ಬನೇ ಮಗ. ಅದೇ ಚಳಿಗಾಲದಲ್ಲಿ ಹಿಮಗಟ್ಟಿದ ರಸ್ತೆಯಲ್ಲಿ ಅವನ ಕಾರು ಜಾರಿ ನದಿಗೆ ಬಿತ್ತು. ಊರು ಊರೇ ಚರ್ಚಿಗೆ ಬಂದಿತ್ತು.

"ಒಳ್ಳೇ ಹುಡುಗ," ಎಂದೆ.

"ಎದುರಿನೋರು ಇಬ್ಬರು ಬಂದ್ರೂ ಒಂದು ಹೆಜ್ಜೆ ಹಿಂದೆ ಸರೀತಿರ್ಲಿಲ್ಲ. ಬಿದ್ದೋರನ್ನ ಮತ್ತೆ ಅವನೇ ಎತ್ತಿ ನಿಲ್ಲಿಸ್ತಿದ್ದ." ಡೂಗನ್ ಚಿತ್ರವನ್ನು ಪೆಟ್ಟಿಗೆಗಿಡದೆ ಕಂಕುಳಿಗೆ ಸೇರಿಸಿದ. ಮಾತು ಬೇರೆ ಕಡೆ ತಿರುಗಿಸಲೆಂಬಂತೆ, "ನಮ್ಮಮ್ಮ ಕೊನೇಗಾಲದಲ್ಲಿ ವೃದ್ಧಾಶ್ರಮದಲ್ಲಿದ್ಲಲ್ಲ, ಆ ದಿನ ರೇಡಿಯೋ ಕಿವಿಗೆ ಹಚ್ಕೊಂಡು ಕೂತಿದ್ಲಂತೆ," ಎಂದ. "ಆಟ ಅವಳಿಗೆ ತಿಳೀತಿರ್ಲಿಲ್ಲ. ಗಂಟೆಗೋಸ್ಕರ ಕಾಯೋಳು. ವೆಂಡೆಲ್ ಕಿಟಕಿ ತೆಗೆದು ಮೈಕು ಹೊರಗೆ ಹಿಡೀತಿದ್ನಲ್ಲ. ಗಂಟೆ ಕೇಳಿಸಿದ ಮೇಲೇನೇ ಮಲಗಿದ್ದು. ನನ್ನ ಮಗ ಗೆದ್ದ ಅಂತ ನರ್ಸಿಗೆ ಹೇಳಿದ್ಲಂತೆ."

ಲೊರೇನ್ ಎದ್ದವಳು ಹಾಗೇ ನಿಂತಳು. ಏನನ್ನೋ ಕೇಳಿಸಿಕೊಳ್ಳುತ್ತಿರುವವಳ ಹಾಗೆ ತಲೆ ಒಂದು ಬದಿಗೆ ವಾಲಿಸಿದ್ದಳು.

"ರೋಲಂಡ್," ಎಂದಳು ನಿಧಾನವಾಗಿ, "ಗೋಪುರದ ಮೇಲಿನ ಆಂಟೆನಾ ಕೆಟ್ರೆ ಯಾರು ಹತ್ತೋದು?"

ಅವನು ಅವಳನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದ.

"ಹೋಗು ಲೊರೇನ್," ಎಂದ. "ದಮ್ಮಯ್ಯ, ಅದನ್ನ ಬಿಟ್ಬಿಡು."

*

"ಡೂಗನ್ ಅಲ್ಲ," ಎಂದಳು ಲೊರೇನ್.

ವೇಲ್‌ನ ಆಫೀಸಿನಲ್ಲಿ ನಾವು ಮೂವರೇ ಇದ್ದೆವು. ಅವನು ಕಾಫಿ ಕೊಟ್ಟಿದ್ದ. ಯಾರೂ ಮುಟ್ಟಿರಲಿಲ್ಲ.

"ಹಾಗಾದ್ರೆ ಅವನಿಗೆ ಗೊತ್ತಿರ್ಲಿಲ್ಲ ಅಂತೀರಾ?"

"ಗೊತ್ತಿತ್ತು. ಆದ್ರೆ ಗೊತ್ತಿರೋದು ಬೇರೆ, ಮಾಡೋದು ಬೇರೆ. ಮೊದಲು ಇದನ್ನ ನೋಡಿ." ಅವಳು ಕರವಸ್ತ್ರ ಬಿಚ್ಚಿದಳು. ಅದರಲ್ಲಿ ಕೊಂಡಿಯಿಂದ ಕೆರೆದು ತಂದಿದ್ದ ಮಣ್ಣಿನ ಚೂರುಗಳು.

"ಏನಿದು ಕಸ?"

"ಕಣಜದ ಗೂಡು. ಈ ಹುಳ ಬೇಸಿಗೇಲಿ ಮಣ್ಣು ತಂದು ಗೂಡು ಕಟ್ಟುತ್ತೆ. ಮರಿ ಚಳಿಗಾಲ ಇಡೀ ಒಳಗೇ ಮಲಗಿದ್ದು, ಮುಂದಿನ ವಸಂತದಲ್ಲಿ ತೂತು ಕೊರ್ಕೊಂಡು ಹೊರಗೆ ಬರುತ್ತೆ. ಇದರಲ್ಲಿ ತೂತು ಬಿದ್ದಿದೆ. ಅಂದ್ರೆ ಮರಿ ಹಾರಿಹೋಗಿ ಆಗಿದೆ. ಗೂಡು ಕಟ್ಟಿದ್ದು ಈ ಬೇಸಿಗೆ ಅಲ್ಲ, ಹೋದ ಬೇಸಿಗೆ."

"ಆದ್ರೇನು?"

"ಅದು ಕಟ್ಟಿದ್ದು ನಾಲಿಗೆ ಸಿಕ್ಕಿಸೋ ಕೊಂಡೀಲಿ. ನಾಲಿಗೆ ಇದ್ದಿದ್ರೆ ಅಲ್ಲಿ ಜಾಗಾನೇ ಇರ್ತಿರ್ಲಿಲ್ಲ. ಹಾಗಾದ್ರೆ ಅದನ್ನ ತೆಗೆದಿದ್ದು ಹೋದ ವರ್ಷದ ಬೇಸಿಗೆಗೂ ಮೊದಲು. ನೀವು ಡೂಗನ್‌ನ ಕೆಲಸದಿಂದ ತೆಗೆದಿದ್ದು ಮೊನ್ನೆ ಬುಧವಾರ. ಈ ಬುಧವಾರದ ಸಿಟ್ಟಿಗೆ ಯಾರಾದ್ರೂ ಹೋದ ವರ್ಷವೇ ಗಂಟೆ ಕೆಡಿಸ್ತಾರಾ?"

ವೇಲ್ ಕುರ್ಚಿಗೆ ಒರಗಿದ. "ಹೋದ ವರ್ಷ ನಾನು ಈ ಊರಿನ ಹೆಸರೇ ಕೇಳಿರ್ಲಿಲ್ಲ."

"ಅದಕ್ಕೇ ನೀವೂ ಅಲ್ಲ," ಎಂದಳು ಲೊರೇನ್. ಅವನನ್ನೂ ಸಂಶಯಿಸಿದ್ದಳೆಂದು ಅವನಿಗೆ ಆಗ ಹೊಳೆಯಿತು.

"ಎರಡು ಋತು ಯಾರಿಗೂ ಗೊತ್ತಾಗದೆ ಇದ್ದದ್ದು ಹೇಗೆ?" ಎಂದೆ ನಾನು.

"ಬಾರಿಸಿದ್ರೆ ತಾನೇ ಗೊತ್ತಾಗೋದು? ನಾವು ಗೆಲ್ಲಲೇ ಇಲ್ಲ. ಋತು ಶುರುವಾಗೋ ಮೊದಲು ತೊಲೆಗೆ ಎಣ್ಣೆ ಹಾಕೋದು ಕೋಚ್ ಕೆಲಸ. ಹೋದ ವರ್ಷ ಹತ್ತಿದಾಗ ಡೂಗನ್ ನೋಡಿದಾನೆ. ಯಾರು ಅಂತ ಊಹಿಸಿದಾನೆ. ಬಾಯಿ ಮುಚ್ಕೊಂಡಿದಾನೆ. ಅದಕ್ಕೇ ನಿನ್ನೆ ಬೆಂಚಿನ ಮೇಲೆ ಕೂತಿದ್ದು. ಆದ್ರೆ ನಿನ್ನೆ ಇನ್ನೊಬ್ಬನಿಗೂ ಗೊತ್ತಿತ್ತು, ಫಿಂಚ್. ಅವನು ನಿನ್ನ ಪಕ್ಕದಲ್ಲೇ ಇದ್ದ."

ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಬೇಡವಾಗಿತ್ತೋ ಏನೋ.

"ನಾವು ಗೆದ್ದಾಗಲೆಲ್ಲ ವೆಂಡೆಲ್ ಏನು ಮಾಡ್ತಿದ್ದ?"

"ಕಿಟಕಿ ತೆಗೆದು ಮೈಕು ಹೊರಗೆ ಹಿಡೀತಿದ್ದ. ಗಂಟೆ ನಿಲ್ಲೋವರೆಗೂ ಒಂದು ಮಾತೂ ಆಡ್ತಿರ್ಲಿಲ್ಲ."

"ನಿನ್ನೆ ಏನು ಮಾಡಿದ?"

ನಾನು ಕಾಫಿ ಲೋಟವನ್ನು ದೂರ ಸರಿಸಿದೆ.

"ನಾನು ಗೇಟಿನ ಹತ್ರ ಕಾರಲ್ಲಿದ್ದೆ, ರೇಡಿಯೋ ಹಾಕ್ಕೊಂಡು," ಎಂದಳು ಲೊರೇನ್. "ಗೆದ್ರು ಅಂದ. ನಮಸ್ಕಾರ ಅಂದ. ಹಾಡು ಹಾಕಿದ. ಹುಡುಗ್ರು ಆಗಿನ್ನೂ ಮೈದಾನದ ನಡುವೆ ಇದ್ರು, ಹಗ್ಗ ಮುಟ್ಟಿರ್ಲಿಲ್ಲ. ಎರಡು ವರ್ಷ ಆದ್ಮೇಲೆ ಬಂದ ಗೆಲುವು. ಊರಿನ ಮುದುಕರೆಲ್ಲ ಗಂಟೆಗೆ ಕಾಯ್ತಾ ಕೂತಿದ್ರು. ಇಡೀ ಜನ್ಮದಲ್ಲಿ ಒಂದು ಸಲವೂ ತಪ್ಪಿಸದೋನು ನಿನ್ನೆ ಕಿಟಕೀನೇ ತೆಗೀಲಿಲ್ಲ. ಯಾಕೆ?"

"ಸದ್ದು ಬರಲ್ಲ ಅಂತ ಗೊತ್ತಿತ್ತು," ಎಂದೆ.

"ನನ್ನ ಕಿವಿಗೂ ಬಿದ್ದಿತ್ತು, ತಲೆಗೆ ಹೋಗಿರ್ಲಿಲ್ಲ. ಡೂಗನ್ ಅವನಮ್ಮನ ವಿಷಯ ಹೇಳಿದಾಗ ಹೊಳೀತು. ಬೀಗದ ಕೈ ಮೂರಲ್ಲ, ನಾಲ್ಕು. ಆಂಟೆನಾ ರಿಪೇರಿಗೆ ಅಂತ ರೇಡಿಯೋದವನಿಗೂ ಒಂದು ಕೊಟ್ಟಿದ್ರು. ನಿಮಗಿಂತ ಮೊದಲಿನ ಮಾತು, ವೇಲ್ ಅವ್ರೇ, ನಿಮಗೆ ಗೊತ್ತಿರೋಕೆ ಸಾಧ್ಯ ಇಲ್ಲ. ಗಂಟೆಯ ನಾಲಿಗೆ ತೆಗೆದೋನು ವೆಂಡೆಲ್ ಒರ್ಲಿಕ್."

"ಆದ್ರೆ ಯಾಕೆ?" ವೇಲ್‌ನ ದನಿಯಲ್ಲಿ ಮೊದಲ ಬಾರಿಗೆ ಬರೀ ಕುತೂಹಲವಿತ್ತು. "ತಂಡಕ್ಕೋಸ್ಕರ ಪ್ರಾಣ ಬಿಡೋ ಮನುಷ್ಯ ಅಂತಾರೆ ಎಲ್ಲರೂ."

ಲೊರೇನ್ ಮಣ್ಣಿನ ಚೂರುಗಳನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದಳು.

"ಕೊನೇ ಸಲ ಅದನ್ನ ಬಾರಿಸಿದ್ದು ಅವನ ಮಗ," ಎಂದಳು.

*

ವೆಂಡೆಲ್ ಬಾಗಿಲು ತೆರೆದವನೇ ನಮ್ಮಿಬ್ಬರ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಒಲೆಯ ಮೇಲೆ ಎಲೆಕೋಸಿನ ಸೂಪು ಕುದಿಯುತ್ತಿತ್ತು. ಒಬ್ಬನಿಗೆ ಜಾಸ್ತಿಯಾಗುವಷ್ಟಿತ್ತು. ಹೆಂಡತಿ ಗ್ರೆಟಾ ಹೋದ ವರ್ಷದಿಂದ ತಂಗಿಯ ಮನೆಯಲ್ಲಿದ್ದಾಳೆ. ಈ ಮನೆಯಲ್ಲಿ ಇರಲಾರೆ ಅಂದಳಂತೆ.

"ಕೂತ್ಕೊಳಿ," ಎಂದ. ಆಮೇಲೆ ಬಾಗಿಲ ಬದಿಯ ಬೆಂಚಿನ ಮುಚ್ಚಳ ಎತ್ತಿ, ಬೂಟುಗಳ ಅಡಿಯಿಂದ ಉಣ್ಣೆಯ ಶಾಲಿನ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟ. ಮೇಜು ಅದರ ಭಾರಕ್ಕೆ ಸದ್ದು ಮಾಡಿತು.

ಕಬ್ಬಿಣ ಕಪ್ಪಗೆ ಹೊಳೆಯುತ್ತಿತ್ತು. ಎಲ್ಲೂ ತುಕ್ಕಿರಲಿಲ್ಲ.

"ಎಣ್ಣೆ ಹಾಕ್ತಿದ್ದೆ," ಎಂದ. "ವಾಪಸ್ ಹಾಕೋವಾಗ ಚೆನ್ನಾಗಿರ್ಲಿ ಅಂತ."

"ಯಾವಾಗ ವಾಪಸ್ ಹಾಕೋನಿದ್ದೆ?" ಲೊರೇನ್ ಮೆತ್ತಗೆ ಕೇಳಿದಳು.

"ಋತು ಶುರುವಾಗೋ ಮೊದಲು ಅಂದ್ಕೊಂಡಿದ್ದೆ. ದೇವರಾಣೆ. ಕೊನೇ ಸಲ ಗೆದ್ವಲ್ಲ, ಆವತ್ತು ನಾನು ಮೈಕು ಹೊರಗೆ ಹಿಡಿದಿದ್ದೆ. ಬಾರಿಸ್ತಿರೋದು ಯಾರು ಅಂತ ನನಗೆ ಗೊತ್ತಿರ್ಲಿಲ್ಲ. ಎಷ್ಟು ಹೊತ್ತಾದ್ರೂ ನಿಲ್ಲಿಸ್ಲಿಲ್ಲ. ಯಾವನಪ್ಪ ಇವನು, ಸಾಕು ಮಾಡೋ ಅಂದ್ಕೊಂಡೆ. ಬಗ್ಗಿ ನೋಡಿದ್ರೆ ಟಾಬಿ." ಅವನ ಬೆರಳು ಕಬ್ಬಿಣದ ಮೇಲೆ ಓಡಾಡುತ್ತಿತ್ತು. "ಅವನು ಹೋದ್ಮೇಲೆ ಆಂಟೆನಾ ನೋಡೋಕೆ ಅಂತ ಹತ್ತಿದೆ. ಅಲ್ಲೇ ಕೂತೆ. ಇನ್ಯಾರೋ ಬಂದು ಇದನ್ನ ಬಾರಿಸ್ತಾರೆ, ಅವನದು ಅಳಿಸಿಹೋಗುತ್ತೆ ಅನ್ನಿಸ್ತು. ಸ್ವಲ್ಪ ದಿನ ಇರ್ಲಿ, ಅಷ್ಟೇ. ಅವನೇ ಕೊನೆಯವನಾಗಿ ಸ್ವಲ್ಪ ದಿನ."

"ಆಮೇಲೆ?"

"ಆಮೇಲೆ ಸೋತ್ವಿ. ಮತ್ತೆ ಸೋತ್ವಿ. ಹಾಕ್ಲೇಬೇಕು ಅನ್ನೋ ಗಳಿಗೇನೇ ಬರ್ಲಿಲ್ಲ." ಅವನು ತಲೆ ಎತ್ತಿದ. "ಈ ತಂಡದ ದನಿ ನಾನು, ಲೊರೇನ್. ನನಗಿಂತ ಜಾಸ್ತಿ ಇವ್ರು ಗೆಲ್ಲಲಿ ಅಂತ ಬಯಸಿದೋರು ಈ ಊರಲ್ಲಿಲ್ಲ. ಆದ್ರೆ ಚೆಂಡು ನಮ್ಮ ಹುಡುಗ್ರ ಕೈತಪ್ಪಿ ಬಿದ್ದಾಗ ಒಳಗೆಲ್ಲೋ ಸಮಾಧಾನ ಆಗ್ತಿತ್ತು. ಸೋತ ದಿನ ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡ್ತಿದ್ದೆ. ಇದನ್ನ ಯಾರ ಹತ್ರ ಹೇಳ್ಲಿ?"

ನಾನು ಅವನ ಪಕ್ಕದ ಕೋಣೆಯಲ್ಲಿ ಕೂತು ಆ ಎಲ್ಲ ಶನಿವಾರಗಳನ್ನು ಕಳೆದಿದ್ದೆ. ಸೋಲನ್ನು ಅಷ್ಟು ಮೃದುವಾಗಿ ಹೇಳುವವರು ಬೇರೆ ಯಾರೂ ಇಲ್ಲ ಎಂದು ಎಷ್ಟೋ ಸಲ ಮೆಚ್ಚಿಕೊಂಡಿದ್ದೆ.

"ನಿನ್ನೆ ನೀನು ಕಿಟಕಿ ತೆಗೀಲಿಲ್ಲ," ಎಂದೆ.

"ತೆಗೆದ್ರೆ ಏನು ಕೇಳಿಸ್ತಿತ್ತು? ಆ ಹುಡುಗ ಎಳೀತಾನೇ ಇದ್ದ, ಎಳೀತಾನೇ ಇದ್ದ. ಮೇಲಿಂದ ನೋಡ್ದೆ." ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಟಾಬಿ ನೋಡಿದ್ರೆ ನನ್ನ ಮುಖಕ್ಕೆ ಉಗೀತಿದ್ದ."

"ಡೂಗನ್ ತೆಗೆದ ಅಂತಿದಾರೆ," ಎಂದಳು ಲೊರೇನ್. "ಈರಿ ಕೆಲಸಕ್ಕೂ ಕುತ್ತು ಬಂದಿದೆ. ನೀನು ಅಂತ ಅವನಿಗೆ ಗೊತ್ತು. ಆದ್ರೂ ಬಾಯಿ ಬಿಡ್ತಿಲ್ಲ."

ವೆಂಡೆಲ್‌ಗೆ ಇದು ಗೊತ್ತಿರಲಿಲ್ಲ. ನಿನ್ನೆಯಿಂದ ಫೋನೇ ಎತ್ತಿರಲಿಲ್ಲವಂತೆ. ಅವನು ಎದ್ದ. ಒಲೆ ಆರಿಸಿದ. ಕೋಟು ಹಾಕಿಕೊಂಡ. ಗುಂಡಿಗಳು ಒಂದು ತೂತಿನ ಬದಲು ಇನ್ನೊಂದಕ್ಕೆ ಬಿದ್ದವು.

"ಕೋಚ್ ಈಗ ಎಲ್ಲಿದಾನೆ?" ಎಂದ.

*

ಅದೇ ಸಂಜೆ ನಾಲಿಗೆಯನ್ನು ವೆಂಡೆಲ್ ತಾನೇ ಏಣಿ ಹತ್ತಿ ಸಿಕ್ಕಿಸಿದ. ಬೇರೆಯವರು ಹತ್ತಲು ಬಿಡಲಿಲ್ಲ. ಅದಕ್ಕೂ ಮೊದಲು ಗೋಪುರದ ಕೆಳಗೆ ಇಡೀ ತಂಡದ ಮುಂದೆ ನಿಂತು, ತಾನೇ ತೆಗೆದದ್ದು, ಯಾಕೆ ತೆಗೆದದ್ದು ಎಂದು ಹೇಳಿದ. ರೇಡಿಯೋದಲ್ಲಿ ಅಷ್ಟು ಸರಾಗವಾಗಿ ಹರಿಯುವ ಅವನ ಮಾತು ಅಲ್ಲಿ ಮೂರು ಕಡೆ ಮುಗ್ಗರಿಸಿತು. ಹುಡುಗರು ನೆಲ ನೋಡುತ್ತ ಕೇಳಿದರು. ವೇಲ್ ಹಿಂದೆ ನಿಂತಿದ್ದ. ಈರಿಯ ಹೈಸ್ಕೂಲಿನವರಿಗೆ ತಾನೇ ಫೋನ್ ಮಾಡಿ ಡೂಗನ್‌ನ ಬಗ್ಗೆ ಒಳ್ಳೆಯ ಮಾತು ಹೇಳುತ್ತೇನೆಂದು ಆಗಲೇ ಲೊರೇನ್‌ಗೆ ಹೇಳಿದ್ದ. ಹೊಸ ಕೋಚ್‌ನನ್ನು ತರುವ ತೀರ್ಮಾನ ಮಾತ್ರ ಬದಲಾಗಲಿಲ್ಲ. ಬದಲಾಗುವುದೆಂದು ಯಾರೂ ಅಂದುಕೊಂಡೂ ಇರಲಿಲ್ಲ.

ಡೇಷಾನ್ ತಾನು ಹಾಕಿದ್ದ ಗಂಟನ್ನು ಬಿಚ್ಚಿ, ಹಗ್ಗವನ್ನು ವೆಂಡೆಲ್‌ನ ಕಡೆ ಚಾಚಿದ.

"ಮೊದಲು ನೀವು, ಸರ್."

"ಬೇಡಪ್ಪ. ಗೆದ್ದೋರು ನೀವು."

"ನಾನು ಬಂದ ವರ್ಷ ಟಾಬೀನೇ ನನಗೆ ಹೆಲ್ಮೆಟ್ ಹಾಕೋದು ಹೇಳ್ಕೊಟ್ಟಿದ್ದು," ಎಂದ ಡೇಷಾನ್. "ಸುಮಾರಾಗಿ ಹೇಳ್ಕೊಟ್ಟಿದ್ದ. ಇವತ್ತಿಗೂ ಕಿವಿ ನೋಯುತ್ತೆ."

ವೆಂಡೆಲ್ ನಕ್ಕ. ಅಂಥ ನಗುವನ್ನು ಅವನ ಮುಖದಲ್ಲಿ ನಾನು ನೋಡಿ ಬಹಳ ಕಾಲವಾಗಿತ್ತು. "ಬಾರಿಸು," ಎಂದ. "ನಾನು ಕೇಳ್ತೀನಿ."

ಡೇಷಾನ್ ಎಳೆದ. ಗಂಟೆ ಮೊಳಗಿತು. ನಡುವೆ ನಿಲ್ಲಿಸದೆ, ಹಗ್ಗ ಕೈಯಿಂದ ಕೈಗೆ ದಾಟುತ್ತ, ಹುಡುಗರು ಒಬ್ಬೊಬ್ಬರಾಗಿ ಬಾರಿಸಿದರು. ನದಿಯಾಚೆ ಮನೆಗಳ ಬಾಗಿಲು ತೆರೆದುಕೊಂಡವು. ಜನ ಅಂಗಳಕ್ಕೆ ಬಂದು ನಿಂತರು. ವೆಂಡೆಲ್ ಕಣ್ಣು ಮುಚ್ಚಿ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕೇಳುತ್ತಿದ್ದ. ಲೊರೇನ್ ಮೂಗು ಒರೆಸಿಕೊಂಡು, ಚಳಿ ಎಂದಳು.

ಹುಡುಗರು ಚದುರಿದ ಮೇಲೆ ಡೂಗನ್ ಬಂದು ವೆಂಡೆಲ್‌ನ ಪಕ್ಕ ನಿಂತ. ಇಬ್ಬರೂ ಮೈದಾನವನ್ನು ನೋಡುತ್ತಿದ್ದರು.

"ಎರಡು ಋತು ಸುಮ್ನಿದ್ಯಲ್ಲೋ," ಎಂದ ವೆಂಡೆಲ್. "ಒಂದು ಮಾತು ಕೇಳಬಹುದಿತ್ತು."

"ಗೆದ್ದ ದಿನ ಕೇಳೋಣ ಅಂದ್ಕೊಂಡಿದ್ದೆ," ಎಂದ ಡೂಗನ್. "ಗೆದ್ರೆ ತಾನೇ."

ವೆಂಡೆಲ್ 'ಹೂಂ' ಎಂದ. ಆಮೇಲೆ ಕೇಳಿದ: "ಆ ಈರಿ ಸ್ಕೂಲಿನ ತಂಡ ಹೇಗಿದೆ?"

"ನಮಗಿಂತ ಕಡೆ."

"ಪಂದ್ಯ ರೇಡಿಯೋದಲ್ಲಿ ಬರುತ್ತಾ?"

"ಎಲ್ಲಿಯ ರೇಡಿಯೋ? ಕಂಬಕ್ಕೆ ಕಟ್ಟಿದ ಒಂದು ಧ್ವನಿವರ್ಧಕ ಇದೆ. ಅದೂ ಅರ್ಧ ಕೇಳಿಸಲ್ಲ. ಮಾತಾಡೋರೂ ಯಾರೂ ಇಲ್ಲ."

ವೆಂಡೆಲ್ ಕೋಟಿನ ಗುಂಡಿಗಳನ್ನು ಬಿಚ್ಚಿ, ಈ ಸಲ ಸರಿಯಾಗಿ ಹಾಕಿಕೊಂಡ.

"ಶನಿವಾರ ನಾನಿಲ್ಲಿ ಮಾತಾಡ್ಬೇಕು. ಅವ್ರ ಪಂದ್ಯ ಶನಿವಾರಾನಾ, ಶುಕ್ರವಾರಾನಾ?" ಎಂದ.